ಮುದ್ದೇನಹಳ್ಳಿಯ ಹೊಸ್ತಿಲಲ್ಲಿ

ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. 1962ರಲ್ಲಿ ಕಾಲವಾದ ಆ ಮಹನೀಯರ ಸಮಾಧಿಯೂ ಇಲ್ಲಿಯೇ ಇದೆ. ಅವರ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಅವರ ಪ್ರಶಸ್ತಿ, ಬಿರುದುಗಳ ಮುಂದೆ ನಿಂತಾಗ ನನಗೆ ಬೇರೊಂದು ಸನ್ಮಾನವೂ ನೆನಪಾಯಿತು.

ಭಾರತರತ್ನವೂ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯೂ ಓರಗೆಯವು. ಎರಡೂ 1954ರಲ್ಲಿ ಆರಂಭವಾದವು. 1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಸಂದಿತು. 1954ರ ಚಿತ್ರಗಳ ಆಯ್ಕೆಯಲ್ಲಿ, ರಾಜಕುಮಾರರು ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ ಯೋಗ್ಯತಾಪತ್ರ ಪಡೆಯಿತು. ಸ್ವರ್ಣಪದಕಕ್ಕಾಗಿ ಮಾತ್ರ ಕನ್ನಡವು 1970ರ ‘ಸಂಸ್ಕಾರ’ದವರೆಗೆ ಕಾಯಬೇಕಾಯಿತು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ನಿರಾಕರಿಸಿದ್ದ ಆ ಚಿತ್ರವೇ ದೇಶದ ಅತ್ಯುತ್ತಮ ಚಿತ್ರವೆನಿಸಿತು! ಬಳಿಕ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಅದೇ ಗೌರವಕ್ಕೆ ಪಾತ್ರವಾದವು.

ದೆಹಲಿಯ ಸಭಾಂಗಣದ ಕರತಾಡನ ಒಂದು ಸಂಜೆಯದು. ವಿಶ್ವೇಶ್ವರಯ್ಯನವರ ಪದಕವನ್ನು ಕಾಣದವರೂ ಕನ್ನಂಬಾಡಿಯ ನೀರನ್ನು ಬಲ್ಲರು. ಆದರೆ ಓದುಗರೇ, ಪದಕ ಗೆದ್ದ ಆ ಆರು ಚಿತ್ರಗಳನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಎರಡನ್ನಷ್ಟೇ ನೋಡಿದ್ದ ನಾನು, ತಲೆ ತಗ್ಗಿಸಿ ಆ ಮನೆಯ ಹೊಸ್ತಿಲು ದಾಟಿದೆ.