ಬೋರ್‌ವೆಲ್ ನೀರು, ಭೂಮಿಯ ತಿರುಗಾಟ

ಬುಗುರಿಯ ಒಂದು ಪಕ್ಕಕ್ಕೆ ಚೂರು ಜೇಡಿಮಣ್ಣು ಮೆತ್ತಿ ಬಿಟ್ಟು ನೋಡಿ. ಅದೇ ದಾರ, ಅದೇ ಕೈ, ಆದರೂ ಓಲಾಡತೊಡಗುತ್ತದೆ. ತಿರುಗುವ ವಸ್ತುವಿಗೆ ಎಷ್ಟು ತೂಕವಿದೆ ಎಂಬುದರ ಜೊತೆಗೆ ಆ ತೂಕ ಎಲ್ಲಿ ಕೂತಿದೆ ಎಂಬುದೂ ಮುಖ್ಯ.

ಭೂಮಿಗೂ ಇದೇ ನಿಯಮ. 1993ರಿಂದ 2010ರೊಳಗೆ ನಾವು ಬರಿದು ಮಾಡಿದ ಅಂತರ್ಜಲ ಸುಮಾರು 2,150 ಗಿಗಾಟನ್ ಎಂದು ಅಂದಾಜು. ಅಂದರೆ ಎರಡು ಲಕ್ಷದ ಹದಿನೈದು ಸಾವಿರ ಕೋಟಿ ಟನ್! ಹೊಲಕ್ಕೆ ಹರಿದು, ಆವಿಯಾಗಿ, ಮಳೆಯಾಗಿ, ಅದರಲ್ಲಿ ಬಹುಪಾಲು ಕೊನೆಗೆ ಸೇರಿದ್ದು ಕಡಲಿಗೆ. ನೆಲದಡಿಯ ತೂಕ ಹೀಗೆ ಜಾಗ ಬದಲಿಸಿದ್ದಕ್ಕೆ ಭೂಮಿಯ ಭ್ರಮಣ ಧ್ರುವ, ಅಂದರೆ ಅದು ತಿರುಗುವ ಅಕ್ಷ ನೆಲವನ್ನು ಸಂಧಿಸುವ ಬಿಂದು, ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ಸರಿಯಿತು ಎಂದು ದಕ್ಷಿಣ ಕೊರಿಯಾದ ಕಿ-ವಿಯೋನ್ ಸಿಯೊ ಮತ್ತು ಸಂಗಡಿಗರು 2023ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನೀರು ಹೆಚ್ಚು ಖಾಲಿಯಾದ ಕಡೆಗಳಲ್ಲಿ ನಮ್ಮ ವಾಯವ್ಯ ಭಾರತವೂ ಒಂದು.

ಇಷ್ಟಕ್ಕೆ ಋತುಗಳೇನೂ ಏರುಪೇರಾಗುವುದಿಲ್ಲ, ನಿಜ. ಆದರೆ ಪಂಪ್‌ಸೆಟ್‌ನ ಗುಂಡಿ ಒತ್ತುವ ಬೆರಳಿಗೆ ಇಡೀ ಗ್ರಹವನ್ನು ಅಲುಗಿಸುವ ಬಲವಿದೆ ಎಂಬುದು ನನ್ನನ್ನು ನಡುಗಿಸುತ್ತದೆ. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗದ ಬೋರ್‌ವೆಲ್‌ಗಳಿವೆ. ನಿಮ್ಮ ಮನೆಯಲ್ಲೂ ಬೋರ್‌ವೆಲ್ ಇದ್ದರೆ, ಪಕ್ಕದಲ್ಲೊಂದು ಇಂಗುಗುಂಡಿ ತೆಗೆಸಿ, ಮಳೆಗಾಲಕ್ಕೆ ಮುಂಚೆಯೇ.