ಸಂದು ಬಿಡದ ಆಟ

ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಕದನಗಳನ್ನು ಮತ್ತೆ ಆಡುವ ಹವ್ಯಾಸ ಇಂಗ್ಲೆಂಡಿನಲ್ಲಿದೆ. ಎಚ್. ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೆ ನಿಯಮಗಳ ಪುಸ್ತಕ ಬರೆದಿದ್ದ. ಬೆಂಗಳೂರಿನ ನನ್ನ ಸೋದರಳಿಯ ರಾಯದುರ್ಗಕ್ಕೆ ಬಂದಾಗ ಅಂಥದೊಂದನ್ನು ತಂದಿದ್ದ: ಸುಡಾನಿನ ಮರಳುಗಾಡಿನಲ್ಲಿ 1885ರಲ್ಲಿ ನಡೆದ ಅಬು ಕ್ಲೆಯ ಕದನ. ಸುಮಾರು 1,400 ಬ್ರಿಟಿಷರು ಚೌಕ ಕಟ್ಟಿ ನಿಂತಿದ್ದರು. ಹಿಂಬದಿಯ ಮೂಲೆಯಲ್ಲಿ ಸಂದು ಬಿಟ್ಟಿತು; ಮಹದಿಯ ಕಡೆಯವರು ಅಲ್ಲಿಂದಲೇ ನುಗ್ಗಿದರು. ಕೊನೆಗೆ ಗೆದ್ದದ್ದು ಬಂದೂಕೇ.

ಸುಡಾನಿನ ಗೊಂಬೆಗಳನ್ನು ತೋರಿಸಿ, "ಇವರ ಹೆಸರೇನೋ?" ಎಂದೆ.

"ಅವರಿಗೆ ಹೆಸರಿಲ್ಲ ಮಾವ, ಗುಂಪು ಅಷ್ಟೆ."

ನನಗೆ ನಮ್ಮ ಹುಲಿಕುರಿ ಆಟ ನೆನಪಾಯಿತು. ಮಡಕಶಿರಾದ ಅಜ್ಜಿಯ ಮನೆಯ ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಆಡುತ್ತಿದ್ದೆವು. ಮೂರು ಹುಲಿ, ಹದಿನೈದು ಕುರಿ. ಬೆನ್ನ ಹಿಂದಿನ ಮನೆ ಖಾಲಿಯಿದ್ದರಷ್ಟೇ ಕುರಿಯನ್ನು ಹುಲಿ ಹಾರಿ ಹೊಡೆಯಬಲ್ಲದು. ಕುರಿ ಯಾರನ್ನೂ ಹೊಡೆಯುವುದಿಲ್ಲ; ಸಂದು ಬಿಡದೆ ಕೂತು ಹುಲಿಯನ್ನು ಕಟ್ಟಿಹಾಕುತ್ತದೆ.

1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ನಾವೂ ಹೆಸರಿಲ್ಲದ ಗುಂಪೇ. ನಮ್ಮ ಕೈಯಲ್ಲಿರುವ ನಡೆ ಒಂದೇ: ಕನ್ನಡ ಶಾಲೆಯ ಬೆಂಚನ್ನು ಖಾಲಿ ಬಿಡಬಾರದು.