ಹಾಜರಿ ಪುಸ್ತಕದ ಕೆಂಪು ಗೆರೆ

1998ರ ಮಾತು. ದಸರಾ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ ಅವಳ ತಾಯಿ, “ಬೆಂಗಳೂರಿಗೆ ಮನಿಗೆಲಸಕ್ಕ ಹೋಗ್ಯಾಳ್ರೀ. ಆಕಿನೂ ಹೂಂ ಅಂದಾಳ. ಊಟ, ಅರಿವಿ ಕೊಟ್ಟು ತಿಂಗಳಾ ಪಗಾರ ಕಳಸ್ತಾರಂತ್ರೀ” ಎಂದಳು. ಕರೆದೊಯ್ದವಳು ದೂರದ ಸಂಬಂಧಿ. ನಾನು ಮರುಮಾತಾಡದೆ ಹಿಂದಿರುಗಿದೆ. ಕೆಲವು ವಾರಗಳ ನಂತರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಪಗಾರ ಬರಲೇ ಇಲ್ಲ. ಎರಡು ವರ್ಷಗಳ ಬಳಿಕ ಪೊಲೀಸರು ಅವಳನ್ನು ಬಿಡಿಸಿ ತಂದರು. ಕೂಲಿ ಕೊಡದೆ ಮನೆಯಿಂದ ಮನೆಗೆ ದಾಟಿಸಿ ದುಡಿಸಿದ್ದರಂತೆ. ತಾಯಿ ಅವಳನ್ನು ಮತ್ತೆ ಶಾಲೆಗೆ ಸೇರಿಸಲು ಬಂದಾಗ, ‘ಉಳಿದ ಪಾಲಕರು ಏನೆಂದಾರು?’ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಎದ್ದಿತು. ನಾನು ಸುಮ್ಮನಿದ್ದೆ. ತಾಯಿ ಮಗಳಿಬ್ಬರೂ ಹಿಂದಿರುಗಿದರು.

ಸಂವಿಧಾನದ 23ನೆಯ ವಿಧಿಯು ಮಾನವ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ ಎಂದು ಪೌರನೀತಿಯಲ್ಲಿ ನಾನೇ ಕಲಿಸುತ್ತಿದ್ದೆ. ಅದು ನನ್ನದೇ ತರಗತಿಯ ಮೂರನೆಯ ಬೆಂಚಿಗೂ ಸಂಬಂಧಿಸಿದ್ದೆಂದು ಹೊಳೆದಿರಲಿಲ್ಲ.

ಅಂದಿನಿಂದ ಕಾನೂನು ಬಹಳ ದೂರ ನಡೆದಿದೆ. 1956ರ ಕಾಯಿದೆಯ ದೃಷ್ಟಿ ವೇಶ್ಯಾವಾಟಿಕೆಯ ಮೇಲಷ್ಟೇ ಇತ್ತು. 2013ರ ತಿದ್ದುಪಡಿಯು, ವಂಚಿಸಿಯೋ ಆಮಿಷ ತೋರಿಯೋ ಶೋಷಣೆಗಾಗಿ ಜನರನ್ನು ಸಾಗಿಸುವುದನ್ನು, ಗುಲಾಮರಂತೆ ದುಡಿಸಲೆಂದು ಸಾಗಿಸಿದರೂ ಸಹ, ಅಪರಾಧವೆಂದಿತು. ಹೋದವರ ಒಪ್ಪಿಗೆ ಇಲ್ಲಿ ಗಣನೆಗೆ ಬಾರದು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮೂ ಇದನ್ನೇ ಹೇಳುತ್ತದೆ. ಬಲಿಯಾದವರು ಅಪ್ರಾಪ್ತರಾದರೆ ಕನಿಷ್ಠ ಹತ್ತು ವರ್ಷ ಸೆರೆ. ‘ಆಕಿನೂ ಹೂಂ ಅಂದಾಳ’ ಎಂಬ ಮಾತು ಕರೆದೊಯ್ದವರನ್ನು ಇಂದು ಕಾಪಾಡಲಾರದು.

ಪಾರಾಗಿ ಬಂದವರಿಗಾಗಿ 2007ರಲ್ಲಿ ‘ಉಜ್ವಲಾ’ ಯೋಜನೆ ಬಂದಿತು; 2022ರಲ್ಲಿ ಅದು ‘ಶಕ್ತಿ ಸದನ’ದಲ್ಲಿ ಸೇರಿಕೊಂಡಿತು. ಅಲ್ಲಿ ಹೆಣ್ಣುಮಕ್ಕಳಿಗೆ ವಸತಿ, ಆಪ್ತಸಲಹೆ, ಕಾನೂನು ನೆರವು, ವೃತ್ತಿ ತರಬೇತಿಗಳುಂಟು. ಜೀತವಿಮುಕ್ತರ ಪುನರ್ವಸತಿಗೆ 2016ರ ಯೋಜನೆಯು, ತೀವ್ರ ಶೋಷಣೆಯ ಪ್ರಕರಣಗಳಲ್ಲಿ, 3 ಲಕ್ಷ ರೂಪಾಯಿಗಳವರೆಗೆ ನೆರವು ನಿಗದಿಪಡಿಸಿತು.

ಇವೆಲ್ಲ ಬೇಕು. ಆದರೆ ಸರ್ಕಾರ ಮನೆಯವರೆಗೆ ತಂದು ಬಿಟ್ಟ ಮಗುವನ್ನು ಊರೂ ಶಾಲೆಯೂ ಬರಮಾಡಿಕೊಳ್ಳದಿದ್ದರೆ ಪುನರ್ವಸತಿ ಹೊಸ್ತಿಲಲ್ಲೇ ನಿಲ್ಲುತ್ತದೆ. ಅಂದು ಬಾಗಿಲು ಮುಚ್ಚಿದ್ದು ಕಾನೂನಲ್ಲ, ನಾವು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ನಿಮ್ಮ ತರಗತಿಯ ಮಗುವೊಂದು ಕಾರಣವಿಲ್ಲದೆ ಗೈರಾದರೆ ಮನೆಗೆ ಹೋಗಿ ಕೇಳಿ. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮರಳಿ ಬಂದರೆ ಅವಳ ಪರವಾಗಿ ಮಾತನಾಡಿ. ಕೆಂಪು ಗೆರೆ ಎಳೆಯುವುದಕ್ಕೆ ಅವಸರವೇನೂ ಇಲ್ಲ.